ಹಾರಲು ಕಲಿಯಿರಿ, ಆದರೆ ಮನೆಯವರಿಗೆ ನಿಜ ಹೇಳಿ



ಈ ಸಲದ ಯುಗಾದಿ ಊಟದ ಸಾಲಿನಲ್ಲಿ ಮಿತ್ರರೊಬ್ಬರು ಕೇಳಿದರು: "ಏನ್ರೀ, ವಿಮಾನ ಓಡಿಸೋದು ಕಲಿತ್ರಂತೆ! ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದವರು ನನ್ನ ಪರ ವಕಾಲತ್ತು ವಹಿಸಿದರು: "ಕಾರಿಗಿಂತ ವಿಮಾನಾನೇ ಸೇಫ್ ಕಣ್ರೀ." ಕೋಸಂಬರಿ ಬಡಿಸುತ್ತಿದ್ದ ನನ್ನಾಕೆ ಸುಮ್ಮನೆ ನನ್ನ ಮುಖ ನೋಡಿದಳು. ಈ ಬರಹಕ್ಕೆ ಆ ನೋಟವೇ ಕಾರಣ.

ವಯಸ್ಸಿನ ಪ್ರಶ್ನೆ ಮೊದಲು ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸಿಗೆ 17 ವರ್ಷ ತುಂಬಿದ್ದರೆ ಸಾಕು, ಮೇಲಿನ ಮಿತಿ ಇಲ್ಲ. ವೈದ್ಯಕೀಯ ಪರೀಕ್ಷೆ ಪಾಸಾಗಬೇಕು, ಸಾಮಾನ್ಯವಾಗಿ ಕನಿಷ್ಠ 40 ಗಂಟೆ ಹಾರಿರಬೇಕು. ಸಿಟಿಜನ್ ಆಗದವರು, ಗ್ರೀನ್ ಕಾರ್ಡ್ ಇದ್ದರೂ, ಮೊದಲು ಟಿಎಸ್ಎ ಅನುಮತಿ ಪಡೆಯಬೇಕು. ಬೆರಳಚ್ಚು ಕೊಡುವುದು ನಮಗೇನು ಹೊಸದಲ್ಲ ಬಿಡಿ! 36ರಲ್ಲಿ ಶುರು ಮಾಡಿದ ನನಗೆ 67 ಗಂಟೆ ಹಿಡಿಯಿತು. ರನ್‌ವೇ ಇನ್ನೂ ಹತ್ತು ಅಡಿ ಕೆಳಗಿರುವಾಗಲೇ ಮೂತಿ ಎತ್ತಿಬಿಡುತ್ತಿದ್ದೆ. ಪಾಪದ ಸೆಸ್ನಾ ಧೊಪ್ಪೆಂದು ಕೂರುತ್ತಿತ್ತು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನಾದ ಇನ್‌ಸ್ಟ್ರಕ್ಟರ್ "ಇನ್ನೊಂದು ಸಲ" ಎನ್ನುತ್ತಿದ್ದ. ಕಾಲೇಜಿನ ದಿನಗಳಲ್ಲಿ ಜಕ್ಕೂರಿನ ಬೇಲಿಯಾಚೆ ನಿಂತು ಪುಟ್ಟ ವಿಮಾನಗಳನ್ನು ಬಾಯಿಬಿಟ್ಟು ನೋಡಿದವನಿಗೆ ಅದೊಂದು ಕಷ್ಟವೇ?

ಈಗ ಆ "ಸೇಫ್" ಮಾತಿಗೆ ಬರೋಣ. ನಾವು ಊರಿಗೆ ಹೋಗುವ ದೊಡ್ಡ ವಿಮಾನಗಳ ಮಟ್ಟಿಗೆ ಅದು ನಿಜ. ಇಲ್ಲಿನ ಸಣ್ಣ ವಿಮಾನಗಳಲ್ಲಿ ಲಕ್ಷ ಗಂಟೆ ಹಾರಾಟಕ್ಕೆ ಸುಮಾರು ಒಂದು ಪ್ರಾಣಾಂತಿಕ ಅಪಘಾತ ಆಗುತ್ತದೆ. ಇದು ಕಾರಿಗಿಂತ ಮೋಟಾರ್‌ಸೈಕಲ್‌ಗೆ ಹತ್ತಿರವಾದ ಲೆಕ್ಕ. ಎರಡು ಮಕ್ಕಳ ತಾಯಿಗೆ ಇದನ್ನು ಮುಚ್ಚಿಟ್ಟು "ಏನೂ ಆಗಲ್ಲ ಬಾರೇ" ಎನ್ನುವುದು ನನ್ನ ಪ್ರಕಾರ ಮೋಸ. ಜೀವವಿಮೆಯ ಅರ್ಜಿಯಲ್ಲಿ ಹಾರಾಟದ ಬಗ್ಗೆ ಕೇಳಿದರೆ ಅಲ್ಲೂ ನಿಜವನ್ನೇ ಬರೆಯಿರಿ.

ಸಮಾಧಾನದ ಸಂಗತಿಯೆಂದರೆ, ಈ ಅಪಾಯದ ಬಹುಪಾಲು ಪೈಲಟ್‌ನ ಕೈಯಲ್ಲೇ ಇದೆ. ಜಾನ್ ಎಫ್. ಕೆನಡಿ ಜೂನಿಯರ್ 1999ರ ಜುಲೈ 16ರ ರಾತ್ರಿ ಪತ್ನಿ ಮತ್ತು ಆಕೆಯ ಅಕ್ಕನನ್ನು ಕೂರಿಸಿಕೊಂಡು ತಮ್ಮ ಪೈಪರ್ ಸಾರಟೋಗಾದಲ್ಲಿ ಹೊರಟರು. ಮರುದಿನ ಮನೆತನದ ಮದುವೆ. ಕತ್ತಲು, ಮಬ್ಬು, ಕೆಳಗೆ ಸಮುದ್ರ. ಆಧಾರಕ್ಕೆ ದಿಗಂತ ಕಾಣದಾದಾಗ ಕಿವಿಯೊಳಗಿನ ಸಮತೋಲನ ಸುಳ್ಳು ಹೇಳುತ್ತದೆ. ವಾಲಿದ ವಿಮಾನ ನೇರವಾಗಿದೆ ಅನ್ನಿಸುತ್ತದೆ. ಮೂವರೂ ಉಳಿಯಲಿಲ್ಲ. ಆಗ ಅವರಿಗೆ 38, ಈಗಿನ ನನ್ನ ವಯಸ್ಸು. ಮದುವೆಗೆ, ಗೃಹಪ್ರವೇಶಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಲೇಬೇಕೆಂಬ ಆತುರ ನಮ್ಮವರಲ್ಲೇನು ಕಡಿಮೆಯೇ?

ಅದಕ್ಕೇ ನಮ್ಮ ಮನೆಯಲ್ಲಿ ಕರಾರಾಗಿದೆ. ರಾತ್ರಿ ಹಾರಾಟವಿಲ್ಲ. "ಇಷ್ಟು ಗಂಟೆಗೆ ಬರ್ತೀವಿ" ಎಂದು ಯಾರಿಗೂ ಮಾತು ಕೊಡುವಂತಿಲ್ಲ. ಆಕೆ "ವಾಪಸ್" ಎಂದರೆ ಚರ್ಚೆಯಿಲ್ಲದೆ ವಾಪಸ್. ಇನ್ನು ನಾಲ್ಕು ಸೀಟಿದೆಯೆಂದು ನಾಲ್ವರು ದೊಡ್ಡವರನ್ನು ತುಂಬುವಂತಿಲ್ಲ; ಟ್ಯಾಂಕ್ ಭರ್ತಿಯಿದ್ದರೆ ಸೆಸ್ನಾ 172 ಸಾಮಾನ್ಯವಾಗಿ ಅಷ್ಟು ಭಾರ ಹೊರದು. (ಅತ್ತೆಯವರ ತೂಕ ಕೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.)

ಮೊದಲ ಸಲ ಹೆಂಡತಿ ಮಕ್ಕಳೊಡನೆ ಸ್ಯಾನ್ ಹೋಸೆಯಿಂದ ವಾಟ್ಸನ್‌ವಿಲ್‌ಗೆ ಹೊರಟೆ. ಸುಮಾರು ಇಪ್ಪತ್ತು ನಿಮಿಷದ ದಾರಿ. ಬೆಳಿಗ್ಗೆ ಹತ್ತಕ್ಕೆ ಮಂಜು ಕರಗುತ್ತದೆ ಎಂದಿತ್ತು ಹವಾಮಾನ ವರದಿ. ಗುಡ್ಡ ದಾಟಿ ನೋಡಿದರೆ ಕರಾವಳಿಯುದ್ದಕ್ಕೂ ಹತ್ತಿ ಹಾಸಿದಂತೆ ಬಿಳಿ. ಮೋಡದೊಳಗೆ ಇಳಿಯಲು ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು, ನನಗಿಲ್ಲ. ಒಂದು ಸುತ್ತು ಹಾಕಿ ಕಾದರೆ ಎಲ್ಲಾದರೂ ಕಿಂಡಿ ಸಿಕ್ಕೀತು ಎಂದು ಮನಸ್ಸು ಹೇಳಿತು. ಹಿಂದಿನಿಂದ ಮಗಳು "ಅಪ್ಪಾ, ಸ್ಟ್ರಾಬೆರಿ?" ಎಂದಳು. ಆಕೆ ಏನೂ ಹೇಳುವ ಮೊದಲೇ ವಿಮಾನ ತಿರುಗಿಸಿದೆ.

ಮಧ್ಯಾಹ್ನ ಕಾರಿನಲ್ಲೇ ಹೋದೆವು. ಹೈವೇ 17ರ ಟ್ರಾಫಿಕ್‌ನಲ್ಲಿ ಒಂದೂಮುಕ್ಕಾಲು ಗಂಟೆ. ಅರ್ಧ ದಾರಿಯಲ್ಲಿ ನನ್ನಾಕೆ, "ಮುಂದಿನ ಶನಿವಾರ ಮಂಜು ಇಲ್ದಿದ್ರೆ ಇನ್ನೊಂದ್ಸಲ ನೋಡೋಣ" ಎಂದಳು.

ಕಲಿಯುವ ಆಸೆಯಿರುವವರು ನಮ್ಮ ಪಿಕ್ನಿಕ್ಕಿನಲ್ಲಿ ಸಿಗಿ, ಮಾತಾಡೋಣ. ಮನೆಯವರನ್ನೂ ಜೊತೆಗೆ ಕರೆತನ್ನಿ.