ಸೆಕ್ಷನ್ ಹಂಚಿಕೆಗೆ ಅಂಕವೊಂದೇ ಅಳತೆಗೋಲೇ?

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಸೂಚನಾ ಫಲಕದಲ್ಲಿ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ. ಯಾರು ಎ ಸೆಕ್ಷನ್, ಯಾರು ಬಿ, ಯಾರು ಸಿ? ಶುಲ್ಕ ಏರಿಕೆ, ಪಠ್ಯಪುಸ್ತಕದ ವಿಳಂಬ ಚರ್ಚೆಯಾಗುವಷ್ಟು ಈ ಪಟ್ಟಿ ಚರ್ಚೆಯಾಗುವುದಿಲ್ಲ.

ಚಿಕ್ಕ ತರಗತಿಗಳಲ್ಲಿ ಹೆಸರಿನ ಅಕ್ಷರವೋ ದಾಖಲಾತಿಯ ಕ್ರಮವೋ ಸೆಕ್ಷನ್ ನಿರ್ಧರಿಸುತ್ತದೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ಎಷ್ಟೋ ಶಾಲೆಗಳಲ್ಲಿ ಹಿಂದಿನ ವರ್ಷದ ಅಂಕವೇ ಅಳತೆಗೋಲು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಗೇಟಿನ ಮುಂದೆ ಫ್ಲೆಕ್ಸ್ ಕಟ್ಟಬೇಕಲ್ಲ! ಹಾಗಾಗಿ ಹೆಚ್ಚು ಅಂಕದವರೆಲ್ಲ ಒಂದೆಡೆ, ಅನುಭವಿ ಶಿಕ್ಷಕರೂ ಅವರ ಪಾಲಿಗೆ. ನಾನು ಓದಿದ್ದು ಸಿ ಸೆಕ್ಷನ್‌ನಲ್ಲಿ. ಒಂಬತ್ತನೇ ತರಗತಿಯ ಒಂದೇ ವರ್ಷದಲ್ಲಿ ನಮಗೆ ಗಣಿತಕ್ಕೆ ಮೂವರು ಬದಲಾದರು. ಎ ಸೆಕ್ಷನ್‌ಗೆ ವರ್ಷವಿಡೀ ಒಬ್ಬರೇ ಮೇಷ್ಟ್ರು.

ಹೀಗೆ ವಿಂಗಡಿಸುವುದರಿಂದ ಹಿಂದುಳಿದವರಿಗೂ ಲಾಭವಿದೆ ಎಂಬ ವಾದವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ಪ್ಯಾಸ್ಕಲಿನ್ ಡುಪಾ ಮತ್ತು ಮೈಕೆಲ್ ಕ್ರೆಮರ್ ಕೆನ್ಯಾದ 121 ಪ್ರಾಥಮಿಕ ಶಾಲೆಗಳಲ್ಲಿ ಪ್ರಯೋಗ ನಡೆಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲಿಕಾ ಮಟ್ಟದ ಪ್ರಕಾರ ಸೆಕ್ಷನ್ ಮಾಡಿದ ಶಾಲೆಗಳಲ್ಲಿ ಮುಂದಿದ್ದವರೂ ಹಿಂದಿದ್ದವರೂ ಹೆಚ್ಚು ಕಲಿತಿದ್ದರು. ಆದರೆ ಅಲ್ಲಿ ಯಾವ ಸೆಕ್ಷನ್‌ಗೆ ಯಾವ ಶಿಕ್ಷಕರು ಎಂಬುದನ್ನು ಲಾಟರಿಯಂತೆ ನಿರ್ಧರಿಸಲಾಗಿತ್ತು. ಮಕ್ಕಳ ಮಟ್ಟಕ್ಕೆ ತಕ್ಕಂತೆ ಪಾಠ ಮಾಡಲು ಶಿಕ್ಷಕರಿಗೆ ಸಾಧ್ಯವಾಗಿದ್ದೇ ಲಾಭಕ್ಕೆ ಕಾರಣ ಎಂದು ಅವರು ಹೇಳುತ್ತಾರೆ. ನಮ್ಮಲ್ಲಿ ಸಿ ಸೆಕ್ಷನ್‌ಗೂ ಅದೇ ಪಠ್ಯ, ಅದೇ ವೇಗ, ಅದೇ ಪರೀಕ್ಷೆ. ಬದಲಾಗುವುದು ಶಿಕ್ಷಕರು ಮಾತ್ರ.

ಉತ್ತರಕ್ಕಾಗಿ ಕೆನ್ಯಾವರೆಗೆ ಹೋಗಬೇಕಾಗಿಯೂ ಇಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ಯಲ್ಲೂ ಮಕ್ಕಳನ್ನು ಮಟ್ಟದ ಪ್ರಕಾರ ಗುಂಪು ಮಾಡುತ್ತಾರೆ. ವ್ಯತ್ಯಾಸವೆಂದರೆ, ಗುಂಪುಗಳೆಲ್ಲ ಒಂದೇ ಕೋಣೆಯಲ್ಲಿರುತ್ತವೆ. ಕಲಿಕಾ ಏಣಿಯಲ್ಲಿ ಮೆಟ್ಟಿಲು ಏರಿದಂತೆ ಮಗು ಮುಂದಿನ ಗುಂಪಿಗೆ ಹೋಗುತ್ತದೆ. ಹೈಸ್ಕೂಲಿನ ಸಿ ಸೆಕ್ಷನ್‌ನಿಂದ ಹಾಗೆ ವರ್ಷದ ನಡುವೆ ಮೇಲೇರಿದವರನ್ನು ನಾನು ನೋಡಿಲ್ಲ. ಗಣಿತದಲ್ಲಿ ಹಿಂದಿದ್ದು ಸಮಾಜ ವಿಜ್ಞಾನದಲ್ಲಿ ಮುಂದಿರುವವರಿಗೂ ಒಂದೇ ಹಣೆಪಟ್ಟಿ.

ಆರ್‌ಟಿಇ ಅಡಿ ಖಾಸಗಿ ಶಾಲೆ ಸೇರಿದ ಮಕ್ಕಳನ್ನು ಬೇರೆ ಕೂರಿಸಬಾರದು ಎಂದು ಕೇಂದ್ರದ 2010ರ ನಿಯಮಗಳೇ ಹೇಳುತ್ತವೆ. ಪ್ರತ್ಯೇಕಿಸಿದರೆ ಮಗುವಿಗೆ ನೋವಾಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ. ಅಂಕದ ಹೆಸರಿನಲ್ಲಿ ಪ್ರತ್ಯೇಕಿಸಿದರೆ ಆ ನೋವು ಕಡಿಮೆಯಾಗುತ್ತದೆಯೇ?

ಇದು ಶಾಲೆಗೇ ಮುಗಿಯುವ ಕಥೆಯೂ ಅಲ್ಲ. ಕ್ಯಾಂಪಸ್ ಸಂದರ್ಶನಕ್ಕೆ ಬರುವ ಅನೇಕ ಕಂಪನಿಗಳು ಹತ್ತನೇ ತರಗತಿ, ಪಿಯುಸಿ, ಬಿಇ ಮೂರರಲ್ಲೂ ಶೇ 60 ಕೇಳುತ್ತವೆ. ಹದಿಮೂರನೇ ವಯಸ್ಸಿನಲ್ಲಿ ಯಾರೋ ಬರೆದ ಪಟ್ಟಿಯ ಪರಿಣಾಮ ಇಪ್ಪತ್ತೊಂದರಲ್ಲಿ ರೆಸ್ಯೂಮೆ ಮೇಲೆ ಕಾಣಿಸಬಹುದು. ಅಷ್ಟರಲ್ಲಿ ಕೋಡಿಂಗ್ ಎಷ್ಟು ಚೆನ್ನಾಗಿ ಕಲಿತಿದ್ದರೂ ಆ ಅಂಕ ತಿದ್ದಲಾಗದು.

ಪರಿಹಾರ ದುಬಾರಿಯೇನಲ್ಲ. ಸೆಕ್ಷನ್‌ಗಳಲ್ಲಿ ಎಲ್ಲ ಮಟ್ಟದವರೂ ಬೆರೆತಿರಲಿ. ಕಷ್ಟವಾಗುವ ವಿಷಯಕ್ಕೆ ಮಾತ್ರ ದಿನಕ್ಕೊಂದು ಪೀರಿಯಡ್ ಮಟ್ಟದ ಪ್ರಕಾರ ಗುಂಪು ಮಾಡಲಿ, ಪ್ರತಿ ಪರೀಕ್ಷೆಯ ನಂತರ ಗುಂಪು ಬದಲಾಗಲಿ. ಅತ್ಯಂತ ಹಿಂದಿರುವ ಗುಂಪಿಗೆ ಅತ್ಯಂತ ಅನುಭವಿ ಶಿಕ್ಷಕರು ಸಿಗಲಿ.

ತಮ್ಮ, ತಂಗಿಯರ ಶಾಲೆಯ ಪೋಷಕರ ಸಭೆಗೆ ಎಷ್ಟೋ ಮನೆಗಳಲ್ಲಿ ಹೋಗುವವರು ನಾವೇ. ಈ ಸಲ ಅಂಕ ಕೇಳಿಕೊಂಡು ಬರುವ ಬದಲು, ಸೆಕ್ಷನ್ ಯಾವ ಆಧಾರದ ಮೇಲೆ ಮಾಡಿದ್ದೀರಿ, ಸಿ ಸೆಕ್ಷನ್‌ಗೆ ಗಣಿತ ಹೇಳಿಕೊಡುವವರು ಯಾರು ಎಂದೂ ಕೇಳೋಣ.