ಅಗ್ಗದ ಸ್ಪೀಕರು ಮತ್ತು ಅಂಗಡಿಯ ಪತ

ಜತ್ತದ ಪೇಟೆಯಲ್ಲಷ್ಟೇ ಅಲ್ಲ, ಸಂಖ, ಉಮದಿಯಂಥ ಊರುಗಳಲ್ಲಿಯೂ ಇಂದು ಸಾವಿರ-ಎರಡು ಸಾವಿರ ರೂಪಾಯಿಯ ಸ್ಪೀಕರುಗಳು ಮನೆಮನೆ ಸೇರುತ್ತಿವೆ. ಮಕ್ಕಳಿಗೆ ಹಾಡು ಬೇಕು, ಹಿರಿಯರಿಗೆ ಪ್ರವಚನ ಕೇಳಬೇಕು. ನಮ್ಮ ಸಮಾಜದಲ್ಲಿ ಇವನ್ನು ಕೊಳ್ಳುವ ಕುಟುಂಬಗಳೂ ಇವೆ, ಮಾರುವ ಕುಟುಂಬಗಳೂ ಇವೆ. ಆದ್ದರಿಂದ ಕಡಿಮೆ ಬೆಲೆಯ ಕಂಪನಿಯ ಮಾಲನ್ನು ತೂಗಿ ನೋಡುವುದು ಹೇಗೆಂಬುದನ್ನು ಈ ತಿಂಗಳು ವಿಚಾರಿಸೋಣ.

ಅಗ್ಗವೆಂದರೆ ಕಳಪೆಯೆಂದು ತಿಳಿಯುವುದು ಸರಿಯಲ್ಲ. 1997ರಲ್ಲಿ ಚೆನ್ನೈಯಲ್ಲಿ ಆರಂಭವಾದ ಜೆಬ್ರಾನಿಕ್ಸ್, ಆಮೇಲೆ ಬಂದ ಬೋಟ್ ಮುಂತಾದ ಹೆಸರುಗಳು ಸಾಮಾನ್ಯ ಸಂಸಾರದ ಕೈಗೆಟಕುವ ಬೆಲೆಯಿಂದಲೇ ಬೆಳೆದವು. ಆದರೆ ಡಬ್ಬಿಯ ಮೇಲಿನ ಹೆಸರು ಒಂದು, ಮಾಲು ತಯಾರಾಗುವ ಕಾರ್ಖಾನೆ ಇನ್ನೊಂದು ಎಂಬುದು ಈ ವ್ಯಾಪಾರದಲ್ಲಿ ಸಾಮಾನ್ಯ. ಬೋಟ್ ಹೆಸರಿನ ಮಾಲಿನ ಬಹುಭಾಗ ಮೊದಲು ಚೀನಾದಲ್ಲಿ ತಯಾರಾಗಿ ಬರುತ್ತಿತ್ತು. 2022ರಲ್ಲಿ ಆ ಕಂಪನಿ ಡಿಕ್ಸನ್ ಟೆಕ್ನಾಲಜೀಸ್ ಜೊತೆ ಪಾಲುದಾರಿಕೆ ಮಾಡಿಕೊಂಡು ಭಾರತದಲ್ಲಿ ತಯಾರಿಕೆಗೆ ಇಳಿಯಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದೇ ಹೆಸರಿನಲ್ಲಿ ಒಳ್ಳೆಯ ಮಾದರಿಯೂ ಇರಬಹುದು, ಸಾಧಾರಣ ಮಾದರಿಯೂ ಇರಬಹುದು. ಹೆಸರು ನೋಡಿ ನಂಬದೆ ಮಾದರಿ ನೋಡಿ ತೂಗಬೇಕು.

ಮೊದಲು ವ್ಯಾಟಿನ ಲೆಕ್ಕ. ಟೇಪ್ ರೆಕಾರ್ಡರಿನ ಕಾಲದಲ್ಲಿ ಡಬ್ಬಿಯ ಮೇಲೆ ಪಿ.ಎಂ.ಪಿ.ಒ. ಎಂದು ಸಾವಿರಗಟ್ಟಲೆ ವ್ಯಾಟ್ ಬರೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದು ಕ್ಷಣಮಾತ್ರದ ಶಕ್ತಿಯ ಅಂಕಿ, ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಕ್ರಮವೇ ಇರಲಿಲ್ಲ. ಸತತವಾಗಿ ಕೊಡಬಲ್ಲ ಶಕ್ತಿಯನ್ನು ಆರ್.ಎಂ.ಎಸ್. ಎಂದು ಬರೆಯುತ್ತಾರೆ. ನೋಡಬೇಕಾದ್ದು ಅದನ್ನೇ. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ವ್ಯಾಪಾರಿಗೆ ಒಂದು ಗುಣಾಕಾರ ಸಾಕು. ಬ್ಯಾಟರಿ ಇಲ್ಲದೆ ಅಡಾಪ್ಟರಿನಿಂದಲೇ ನಡೆಯುವ ಸ್ಪೀಕರಾದರೆ, ಅಡಾಪ್ಟರಿನ ಮೇಲೆ ಬರೆದ ಔಟ್‌ಪುಟ್ ವೋಲ್ಟನ್ನು ಆಂಪಿಯರಿನಿಂದ ಗುಣಿಸಿರಿ. 12 ವೋಲ್ಟ್, 2 ಆಂಪಿಯರ್ ಇದ್ದರೆ ಒಳಗೆ ಹೋಗುವುದೇ 24 ವ್ಯಾಟ್. ಅಂಥ ಡಬ್ಬಿಯ ಮೇಲೆ 100 ವ್ಯಾಟ್ ಆರ್.ಎಂ.ಎಸ್. ಎಂದಿದ್ದರೆ, ಚೀಲದಲ್ಲಿ ಇಲ್ಲದ ಕಾಳನ್ನು ಬಿಲ್ಲಿನಲ್ಲಿ ತೋರಿಸಿದಂತೆಯೇ ಸರಿ.

ವ್ಯಾಟ್ ಹೆಚ್ಚಾದಷ್ಟೂ ಸದ್ದು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ವ್ಯಾಟ್ ಎರಡು ಪಟ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಕೇಳಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹೀಗಿರುವಾಗ 10 ವ್ಯಾಟ್ ಬಿಟ್ಟು 20 ವ್ಯಾಟಿನದಕ್ಕೆ ಇಮ್ಮಡಿ ಹಣ ಕೊಡುವ ಮೊದಲು ಎರಡನ್ನೂ ಕೇಳಿ ನೋಡುವುದು ಲೇಸು.

ಎರಡನೆಯದು ಕಿವಿಯ ಪರೀಕ್ಷೆ. ಅಂಗಡಿಗಳಲ್ಲಿ ಧಡಧಡ ಸದ್ದಿನ ಸಿನಿಮಾ ಹಾಡು ಹಚ್ಚಿ ಗಿರಾಕಿಯನ್ನು ಮೆಚ್ಚಿಸುವುದುಂಟು. ನೀವು ಮಾತ್ರ ನಿಮಗೆ ಪರಿಚಿತವಾದ ಒಂದು ಪ್ರವಚನವನ್ನೋ ಸ್ತವನವನ್ನೋ ಹಚ್ಚಿಸಿರಿ. ಸ, ಶ, ಷ ಅಕ್ಷರಗಳು ಬಿಡಿಬಿಡಿಯಾಗಿ ಕೇಳಬೇಕು. ಧ್ವನಿಯನ್ನು ಮುಕ್ಕಾಲು ಭಾಗ ಏರಿಸಿದಾಗ ಡಬ್ಬಿ ಗುಂಯ್‌ಗುಡಬಾರದು, ಮಾತು ಒಡೆಯಬಾರದು. ಅಂಗೈಯಗಲದ ಸ್ಪೀಕರಿನಿಂದ ಆಳವಾದ ಢೋಲಿನ ಸದ್ದನ್ನು ಬಯಸಬಾರದು. ಅದು ಕಂಪನಿಯ ದೋಷವಲ್ಲ, ಆ ಗಾತ್ರದ ಮಿತಿ.

ಮೂರನೆಯದು ಮಾರಿದ ಮೇಲಿನ ಹೊಣೆ. ದೊಡ್ಡ ಶಹರದವರಿಗಿಂತ ನಮ್ಮ ಕಡೆಯವರು ಇದನ್ನು ಹೆಚ್ಚು ನೋಡಬೇಕು. ದುರಸ್ತಿ ಕೇಂದ್ರ ಸಾಂಗಲಿಯಲ್ಲೋ ವಿಜಯಪುರದಲ್ಲೋ ಇದ್ದರೆ, ಜತ್ತದ ಹಳ್ಳಿಯವರಿಗೆ ಹೋಗಿ ಬರಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ಆ ದಿನದ ಗಳಿಕೆಯೂ ಬಸ್ಸಿನ ಖರ್ಚೂ ಸ್ಪೀಕರಿನ ಬೆಲೆಗೆ ಸೇರಿದಂತೆಯೇ. ಖಾತರಿ ಪತ್ರದಲ್ಲಿ ಬ್ಯಾಟರಿಗೆ ಬೇರೆ ಅವಧಿ ಬರೆದಿದೆಯೇ, ಮಾಲನ್ನು ಒಯ್ಯುವ ಖರ್ಚು ಯಾರದು ಎಂದು ಓದಿರಿ. 1,500 ರೂಪಾಯಿಯದು ಒಂದೇ ವರ್ಷ ಬಾಳಿದರೆ ವರ್ಷಕ್ಕೆ 1,500 ಬಿತ್ತು. 2,400 ರೂಪಾಯಿಯದು ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ ಬೀಳುವುದು 600 ಮಾತ್ರ. ಯಾವುದು ಅಗ್ಗವೆಂದು ಚೋಪಡಿ ಬರೆಯುವ ಕೈಗೆ ಬೇರೆ ಹೇಳಬೇಕಿಲ್ಲ.

ಬ್ಲೂಟೂತ್ ಸ್ಪೀಕರುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಮಾಲಿನ ಮೇಲೆ 'ಆರ್' ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರಬೇಕು. ಅದನ್ನು ಬಿ.ಐ.ಎಸ್. ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರು ಯಾರೆಂಬುದು ತಿಳಿಯುತ್ತದೆ. ಆದರೆ ಇದು ಸುರಕ್ಷತೆಯ ಗುರುತು, ಇಂಪಾದ ಧ್ವನಿಯ ಗುರುತಲ್ಲ.

ಮಾರುವ ಬಂಧುಗಳಿಗೆ ಒಂದು ಮಾತು. ಕಂಪನಿ ಕೊಟ್ಟ ಖಾತರಿಯನ್ನು ಮೀರಿ ಅಂಗಡಿಯವನು ತನ್ನದೇ ಬೇರೆ ಖಾತರಿ ಕೊಟ್ಟು, ಮಾಲು ಅದಕ್ಕೆ ತಕ್ಕಂತೆ ಇಲ್ಲದೆ ಗಿರಾಕಿಗೆ ಹಾನಿಯಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅಂಗಡಿಯವನೂ ಹೊಣೆಗಾರನಾಗಬಹುದು. ಕಾಯಿದೆಯ ಮಾತು ಹಾಗಿರಲಿ. ಗಿರಾಕಿಗೆ ಕಂಪನಿಯ ಮಾಲಕನ ಮುಖ ಗೊತ್ತಿಲ್ಲ, ಗೊತ್ತಿರುವುದು ನಮ್ಮ ಮುಖ. "ನೀವು ಹೇಳಿದಿರೆಂದೇ ಒಯ್ದೆವು" ಎಂದು ಆತ ನಾಳೆ ನಮ್ಮ ಗಾದಿಯ ಎದುರಿಗೇ ಬಂದು ನಿಲ್ಲುತ್ತಾನೆ. ಆದ್ದರಿಂದ ಹೊಸ ಮಾದರಿ ಬಂದಾಗ ನಾಲ್ಕೇ ಮಾಲು ತರಿಸಿ, ಒಂದನ್ನು ತಿಂಗಳುಗಟ್ಟಲೆ ಅಂಗಡಿಯಲ್ಲಿ ನಡೆಸಿ ನೋಡಿ, ಮರಳಿ ಬಂದವುಗಳ ಲೆಕ್ಕವನ್ನು ಕಂಪನಿವಾರು ಬರೆದಿಡಿರಿ. ಒಂದೆರಡು ವರ್ಷದಲ್ಲಿ ಆ ಲೆಕ್ಕವೇ ಯಾವ ಕಂಪನಿ ಯೋಗ್ಯವೆಂದು ಹೇಳುತ್ತದೆ. ನೂರು ರೂಪಾಯಿ ಹೆಚ್ಚಿನ ಲಾಭಕ್ಕಾಗಿ ಅಪ್ಪ-ಅಜ್ಜಂದಿರು ಗಳಿಸಿಟ್ಟ ಪತವನ್ನು ಯಾವ ಕಂಪನಿಗೂ ಒತ್ತೆ ಇಡಬೇಕಾಗಿಲ್ಲ.