ಮಾಡ್ಯೂಲ್ ಕೊಳ್ಳುವ ಮೊದಲು ಕಿಡಿ ನೋಡಿ



ನಮ್ಮ ಸಂಘದ ಅಂಗಳಕ್ಕೆ ಇಂದಿಗೂ ಕೆಲವು ಪೆಟ್ರೋಲ್ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳು ಬರುತ್ತವೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಇವುಗಳಲ್ಲಿ ಹಲವಕ್ಕೆ ಮಾಲೀಕರು ಕಾಂಟ್ಯಾಕ್ಟ್ ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದಾರೆ. ಒಳ್ಳೆಯದೇ. ಆದರೆ ಗಾಡಿ ನಿಂತ ಕೂಡಲೇ "ಎಲೆಕ್ಟ್ರಾನಿಕ್ ಹೋಗಿದೆ, ಹೊಸದು ತರಬೇಕು" ಎಂಬ ತೀರ್ಪು ಬರುತ್ತದೆ. ಪರೀಕ್ಷೆ ಮಾಡದೆ ಬಿಡಿಭಾಗ ಬದಲಿಸುವ ಈ ರೂಢಿ ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲೆಕ್ಟ್ರಾನಿಕ್ ಎಂಬ ಹೆಸರಿಗೆ ಹೆದರಬೇಕಾಗಿಲ್ಲ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1912ರ ಕ್ಯಾಡಿಲಾಕ್ ಕಾರಿಗೆ ಒದಗಿಸಿದ ಬ್ಯಾಟರಿ ಮತ್ತು ಕಾಯಿಲಿನ ಪದ್ಧತಿಯೇ ಇಲ್ಲಿಯೂ ಇದೆ. ಕಾಯಿಲಿನ ಕರೆಂಟನ್ನು ಕಡಿಯುವ ಕೆಲಸವನ್ನು ಮೊದಲು ಪಾಯಿಂಟ್ ಮಾಡುತ್ತಿತ್ತು, ಈಗ ಟ್ರಾನ್ಸಿಸ್ಟರ್ ಮಾಡುತ್ತದೆ. ವ್ಯತ್ಯಾಸ ಇಷ್ಟೇ. ಪಾಯಿಂಟಿನ ಹಾಗೆ ಇದು ಸವೆಯುವುದಿಲ್ಲ, ಸುಡುವುದಿಲ್ಲ. ಬ್ಯಾಟರಿ, ಕಾಯಿಲ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ವೈರು, ಪ್ಲಗ್ಗು ಎಲ್ಲವೂ ಹಳೆಯವೇ. ಹಾಗಿರುವಾಗ ದೋಷವೆಲ್ಲ ಹೊಸ ಡಬ್ಬಿಯದೇ ಎನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಸರಿಯಾದ ಕ್ರಮ ಹೀಗಿದೆ. ಮೊದಲು ಬ್ಯಾಟರಿ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ವಿರಾಮದಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಅದರ ಟರ್ಮಿನಲ್ ಮತ್ತು ಅರ್ತ್ ಪಟ್ಟಿಯ ತುಕ್ಕನ್ನು ಉಜ್ಜಿ ತೆಗೆಯಬೇಕು. ಎರಡನೆಯದು ಕಿಡಿ. ಒಂದು ಒಳ್ಳೆಯ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಭದ್ರವಾಗಿ ತಾಗಿಸಿ ಕಟ್ಟಿ ಸ್ಟಾರ್ಟರ್ ಹೊಡೆಸಬೇಕು. ಪ್ಲಗ್ಗನ್ನಾಗಲಿ ವೈರನ್ನಾಗಲಿ ಕೈಯಲ್ಲಿ ಹಿಡಿಯಕೂಡದು. ಹತ್ತಿರ ಪೆಟ್ರೋಲ್ ಇರಕೂಡದು. ವೈರನ್ನು ಗಾಳಿಯಲ್ಲಿ ತೂಗಬಿಡುವುದೂ ತಪ್ಪು: ಕಿಡಿಗೆ ದಾರಿ ಸಿಗದೆ ಕಾಯಿಲೋ ಮಾಡ್ಯೂಲೋ ಹಾಳಾಗಬಹುದು.

ಕಿಡಿ ಬಾರದಿದ್ದರೆ ಮೂರನೆಯ ಹೆಜ್ಜೆ. ಬಲ್ಬಿನ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬಾಡಿಗೆ, ಇನ್ನೊಂದನ್ನು ಕಾಯಿಲಿನ ಪಾಸಿಟಿವ್ ಕಡೆಗೆ ಇಟ್ಟು ಕೀ ತಿರುಗಿಸಿ. ಬೆಳಗದಿದ್ದರೆ ದೋಷ ಕೀ ಸ್ವಿಚ್ಚಿನಲ್ಲೋ ಅಲ್ಲಿಂದ ಬರುವ ವೈರಿನಲ್ಲೋ ಇದೆ. ಬೆಳಗಿದರೆ ಲ್ಯಾಂಪನ್ನು ನೆಗೆಟಿವ್ ಕಡೆಗೆ ಬದಲಿಸಿ ಸ್ಟಾರ್ಟರ್ ಹೊಡೆಸಿ. ಮಿಣುಕಿದರೆ ಮಾಡ್ಯೂಲ್ ಕೆಲಸ ಮಾಡುತ್ತಿದೆ. ಕಾಯಿಲ್, ಕ್ಯಾಪ್, ರೋಟರ್ ನೋಡಿ. ಮಿಣುಕದಿದ್ದಾಗ ಮಾತ್ರ ಮಾಡ್ಯೂಲಿನ ಮೇಲೆ ಅನುಮಾನ ಪಡಬೇಕು. ಆಗಲೂ ಮೊದಲು ಅದರ ಅರ್ತನ್ನೂ ಪಿಕಪ್ಪಿನ ವೈರನ್ನೂ ನೋಡಬೇಕು. ಇದು ನೆಗೆಟಿವ್ ಅರ್ತ್ ಗಾಡಿಯ ಮಾತು.

ಬಿಸಿಲುನಾಡಿನ ಒಂದು ಪ್ರಸಂಗ ಹೇಳುತ್ತೇನೆ. ರಾಯಚೂರು ಸೀಮೆಯ ಯಾಪಲದಿನ್ನಿಯಲ್ಲಿ ನನ್ನ ಅಕ್ಕನ ಮನೆಯಿದೆ. ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಭಾವನವರ ಅಂಬಾಸಿಡರ್ ಒಂದು ಗಂಟೆ ಓಡಿದ ಮೇಲೆ ನಿಲ್ಲುವುದು, ತಣಿದ ಮೇಲೆ ಹೊರಡುವುದು. "ಸಾವ್ಕಾರ್ರ, ಪಂಪ್ ಹೋಗ್ಯಾದ್ರಿ" ಎಂದು ಮೆಕ್ಯಾನಿಕ್ ಪಂಪ್ ಬದಲಿಸಿದ. ಮತ್ತೆ ಕಾಯಿಲನ್ನೂ ಬದಲಿಸಿದ. ಗುಣವಾಗಲಿಲ್ಲ. ಬಿಸಿಗೆ ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿದರೂ ಇದೇ ಲಕ್ಷಣ, ಮಾಡ್ಯೂಲ್ ಕಾದರೂ ಇದೇ ಲಕ್ಷಣ. ಗಾಡಿ ನಿಂತ ಆ ಗಳಿಗೆಯಲ್ಲೇ ಕಿಡಿ ನೋಡಿದರೆ ಮಾತ್ರ ಎರಡನ್ನೂ ಬೇರ್ಪಡಿಸಬಹುದು. ನೋಡಿದಾಗ ಕಿಡಿ ಇರಲಿಲ್ಲ. ಮಾಡ್ಯೂಲಿನ ಮೇಲೆ ಒದ್ದೆ ಬಟ್ಟೆ ಇಟ್ಟು ತಣಿಸಿದ ಮೇಲೆ ಬಂತು. ಹೊಸ ಮಾಡ್ಯೂಲನ್ನು ಎಂಜಿನ್ನಿನ ಬಿಸಿಯಿಂದ ದೂರ, ಗಾಳಿಯಾಡುವ ಕಡೆ ಕೂರಿಸಿದ ಮೇಲೆ ತೊಂದರೆ ನಿಂತಿತು. ಅಲ್ಲಿ ಕೆಟ್ಟದ್ದು ಮಾಡ್ಯೂಲೇ ಹೌದು. ಆದರೆ ಅದು ಗೊತ್ತಾದದ್ದು ಊಹೆಯಿಂದಲ್ಲ.

ನಮ್ಮ ಮಲೆನಾಡಿನಲ್ಲಿ ಶತ್ರು ಬಿಸಿಲಲ್ಲ, ತೇವ. ಆಷಾಢದ ಮಳೆಯಲ್ಲಿ ಬೆಳಿಗ್ಗೆ ಗಾಡಿ ಹೊರಡದಿದ್ದರೆ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಳಗೂ ಹೊರಗೂ ಒಣ ಬಟ್ಟೆಯಿಂದ ಒರೆಸಿ. ಒಳಗೆ ಪೆನ್ಸಿಲ್ ಗೀರಿನಂತಹ ಕಪ್ಪು ಗೆರೆ ಕಂಡರೆ ಕಿಡಿ ಅಲ್ಲೇ ಸೋರುತ್ತಿದೆ ಎಂದರ್ಥ, ಕ್ಯಾಪ್ ಬದಲಿಸಲೇಬೇಕು. ಸೀಳಿದ ವೈರುಗಳನ್ನು ಕತ್ತಲಲ್ಲಿ ನೋಡಿದರೆ ನೀಲಿ ಕಿಡಿ ತಾನಾಗಿ ಕಾಣುತ್ತದೆ.

ಇದು ದುಡ್ಡಿನ ಪ್ರಶ್ನೆ ಮಾತ್ರವಲ್ಲ. ಮಳೆಯ ರಾತ್ರಿ ರೋಗಿಯನ್ನು ಕೂರಿಸಿಕೊಂಡು ಹೊರಟ ಗಾಡಿ ಘಾಟಿಯಲ್ಲಿ ನಿಂತರೆ ಏನಾಗುವುದೆಂದು ತೋಟದಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ. ಹೊಸ ಗಾಡಿಗಳಲ್ಲಿ ಪಳಗಿದ ಹುಡುಗರು ಸ್ಕ್ಯಾನರ್ ಸಿಕ್ಕಿಸಿ ದೋಷ ಓದುತ್ತಾರೆ. ಈ ಕಾರುಗಳಿಗೆ ಆ ಸಾಕೆಟ್ಟೇ ಇಲ್ಲ. ಕಿವಿಯಿಂದ, ಕಣ್ಣಿನಿಂದ ದೋಷ ಹಿಡಿಯುತ್ತಿದ್ದ ಹಳೆಯ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ನನ್ನ ಸಲಹೆ ಎರಡು. ಸಂಘವು ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ಒಂದು ಟೈಮಿಂಗ್ ಲೈಟ್ ಕೊಂಡು ಸದಸ್ಯರ ಉಪಯೋಗಕ್ಕೆ ಇಡಲಿ. ಮಳೆಗೆ ಮುಂಚೆ ಒಂದು ಭಾನುವಾರ ಹಳೆಯ ಮೇಸ್ತ್ರಿಯೊಬ್ಬರನ್ನು ಕರೆಸಿ ನಮ್ಮ ಡ್ರೈವರುಗಳಿಗೂ ಹುಡುಗರಿಗೂ ಈ ಪಾಠ ಹೇಳಿಸಲಿ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಮಂಡಿಸುತ್ತೇನೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಬರೆದು ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ